ಕಾರಣ: ಸೆಕೆ

ನನ್ನ ಅಕ್ಕನ ತಲೆಯಲ್ಲಿ ಹುಳ ಹೊಕ್ಕಿದೆ ಎಂದು ನಮ್ಮ ನೆಂಟರೆಲ್ಲ ಹೇಳುತ್ತಿದ್ದರು. ಶುದ್ಧ ಸುಳ್ಳು! ಹುಳ ಇದ್ದದ್ದು ಅವಳ ಟಿಫಿನ್ ಕ್ಯಾರಿಯರಿನಲ್ಲಿ.

ನಾಲ್ಕು ಡಬ್ಬಿಯ ಸ್ಟೀಲ್ ಕ್ಯಾರಿಯರು ಅದು. ಮೇಲಿನ ಡಬ್ಬಿಯಲ್ಲಿ ಮೊಸರನ್ನ. ಕೆಳಗಿನ ಮೂರರಲ್ಲಿ ಒದ್ದೆ ಬಟ್ಟೆ ಸುತ್ತಿದ, ನಿಪ್ಪಟ್ಟಿನಷ್ಟಗಲದ, ಮುಚ್ಚಳವಿರುವ ಗಾಜಿನ ತಟ್ಟೆಗಳು. ತಟ್ಟೆಯೊಳಗೆ ಜೆಲ್ಲಿ. ಜೆಲ್ಲಿಯ ಮೇಲೆ ಹುಳಗಳ ಸಂಸಾರ. ಅವಳಿರುವ ವಿಶಾಖಪಟ್ಟಣದಿಂದ ನಾನಿರುವ ವಿಜಯವಾಡಕ್ಕೆ ಹಗಲು ರೈಲಿನಲ್ಲಿ ಆರೇಳು ತಾಸು. ಅಷ್ಟು ಹೊತ್ತೂ ಅಕ್ಕ ಅದನ್ನು ತೊಡೆಯ ಮೇಲಿಂದ ಇಳಿಸುತ್ತಿರಲಿಲ್ಲ. ಒಮ್ಮೆ ಎದುರು ಸೀಟಿನ ಹೆಂಗಸೊಬ್ಬಳು ಅಕ್ಕನಿಗೆ ಪುಳಿಹೋರ, ಅಂದರೆ ನಮ್ಮ ಪುಳಿಯೋಗರೆ, ಕೊಟ್ಟಳಂತೆ. ಕೊಟ್ಟವರಿಗೆ ತಿರುಗಿ ಕೊಡದಿದ್ದರೆ ಮರ್ಯಾದೆಯೇ? ಅಕ್ಕ ಮೊಸರನ್ನ ಕೊಡಲು ಹೋಗಿ, ಮಾತಿನ ಭರದಲ್ಲಿ ಎರಡನೆಯ ಡಬ್ಬಿ ತೆರೆದಳು. ಆ ಹೆಂಗಸು ಬಗ್ಗಿ ನೋಡಿ, “ಇದೇಮಿಟಂಡಿ, ಹಲ್ವಾನಾ?” ಅಂದಳು.

ಅಕ್ಕ ಸುಳ್ಳು ಹೇಳುವವಳಲ್ಲ. “ಕಾದಂಡಿ, ಪುರುಗುಲು” ಅಂದಳು. ಅಲ್ಲ ಕಣಮ್ಮ, ಹುಳಗಳು! ವಿಜಯವಾಡ ಬರುವವರೆಗೂ ಆ ಸೀಟಿನಲ್ಲಿ ಅಕ್ಕ ಒಬ್ಬಳೇ ಕಾಲು ಚಾಚಿಕೊಂಡು ಬಂದಳು.

ಈ ‘ಅಂಡಿ’ ಎನ್ನುವುದು ತೆಲುಗಿನವರ ಮರ್ಯಾದೆಯ ಬಾಲ. ಯಾವ ಮಾತಿನ ಕೊನೆಗೆ ಅಂಟಿಸಿದರೂ ಆ ಮಾತು ಬಗ್ಗಿ ಕೈಮುಗಿಯುತ್ತದೆ. ಅಪರಿಚಿತರಿಗೆ ಅಂಡಿ, ಹಿರಿಯರಿಗೆ ಅಂಡಿ, ಬಸ್ ಕಂಡಕ್ಟರನಿಗೂ ಅಂಡಿ. ನಮ್ಮ ‘ರೀ’ ಏನಿದ್ದರೂ ಹೊರಗಿನವರಿಗೆ, ಮನೆಯೊಳಗಿನ ಕನ್ನಡಕ್ಕೆ ಅಂಥ ಬಾಲವಿಲ್ಲ. ನಮ್ಮ ಅಪ್ಪ ಗದಗಿನ ಕಡೆಯವರು. ವಿಶಾಖಪಟ್ಟಣದ ಬಂದರಿನಲ್ಲಿ ಕ್ರೇನ್ ನಡೆಸಲು ಬಂದು ಅಲ್ಲೇ ನಿಂತರು. ಹೊರಗೆ ತೆಲುಗು, ಹೊಸ್ತಿಲು ದಾಟಿದರೆ ಗದಗಿನ ಕನ್ನಡ. ಆ ಕನ್ನಡದಲ್ಲಿ ಅಕ್ಕನಿಗೆ ನಾನು ‘ಲೇ’. ಹುಟ್ಟಿದ ದಿನದಿಂದ ‘ಲೇ’. ನನಗೊಂದು ಹೆಸರೂ ಇದೆ ಎಂದು ಅವಳಿಗೆ ನನ್ನನ್ನು ಶಾಲೆಗೆ ಸೇರಿಸುವ ದಿನವೇ ಗೊತ್ತಾಗಿರಬೇಕು.

ಶಾಲೆ ಎಂದರೆ, ನಾನು ಏಳನೆಯ ಕ್ಲಾಸಿನಲ್ಲಿ ಮೂರು ವರ್ಷ ಸೇವೆ ಸಲ್ಲಿಸಿ ನಿವೃತ್ತನಾದವನು. ನನ್ನ ಪಾಲಿನದನ್ನೂ ಸೇರಿಸಿ ಅಕ್ಕನೇ ಓದಿದಳು. ಎಂ.ಎಸ್ಸಿ. ಮಾಡಿ ಅದೇ ಊರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಮೇಡಂ ಆದಳು. ಪ್ರಾಣಿಶಾಸ್ತ್ರ ಎಂದಮೇಲೆ ಹುಲಿ ಇಲ್ಲವೇ, ಆನೆ ಇಲ್ಲವೇ, ಹೋಗಲಿ, ಕಪ್ಪೆಗೆ ಏನಾಗಿತ್ತು? ಅಕ್ಕ ಆರಿಸಿಕೊಂಡದ್ದು ಒಂದು ಮಿಲಿಮೀಟರ್ ಉದ್ದದ ಹುಳವನ್ನು! ಮಣ್ಣಿನಲ್ಲಿ, ಕೊಳೆತ ಹಣ್ಣಿನಲ್ಲಿ ಸೂಕ್ಷ್ಮಾಣುಗಳನ್ನು ತಿಂದುಕೊಂಡು ತನ್ನ ಪಾಡಿಗೆ ತಾನಿರುವ ಹುಳ. ಯಾರ ಹೊಟ್ಟೆಯಲ್ಲೂ ಸೇರಿಕೊಳ್ಳುವುದಿಲ್ಲ, ಯಾವ ಗಿಡದ ಬೇರನ್ನೂ ಕಡಿಯುವುದಿಲ್ಲ. “ಸ್ವತಂತ್ರ ಜೀವಿಲೇ ಅದು. ಯಾರ ಹಂಗಿನ್ಯಾಗೂ ಇಲ್ಲ” ಎಂದು ಅಕ್ಕ ಹೇಳುವಾಗ ಅವಳು ಹೊಗಳುತ್ತಿರುವುದು ಹುಳವನ್ನೋ ತನ್ನನ್ನೋ ಎಂದು ನನಗೆ ಅನುಮಾನ ಬರುತ್ತಿತ್ತು.

ಅನುಮಾನಕ್ಕೆ ಕಾರಣವಿದೆ. ಅಕ್ಕನನ್ನು ನೋಡಲು ಒಮ್ಮೆ ಹುಬ್ಬಳ್ಳಿಯಿಂದ ಗಂಡಿನ ಕಡೆಯವರು ಬಂದಿದ್ದರು. ಹುಡುಗ ಧೈರ್ಯ ಮಾಡಿ, “ನೀವು ಏನ ಸಂಶೋಧನಾ ಮಾಡತೀರಿ?” ಎಂದು ಕೇಳಿದ. ಹಾಡು ಬರುತ್ತದೆಯೇ ಎಂದು ಕೇಳಬಾರದಿತ್ತೇ, ಪುಣ್ಯಾತ್ಮ! ಅಕ್ಕನ ಕಣ್ಣರಳಿತು. “ನಮ್ಮ ಹುಳದಾಗ ಗಂಡು ಅನ್ನೂದು ಸಾವಿರಕ್ಕೊಂದು ಇದ್ರ ಹೆಚ್ಚು ರೀ. ಉಳಿದದ್ದಕ್ಕ ಗಂಡಿನ ಗರಜ ಇಲ್ಲ. ತಾನ ಅಪ್ಪ, ತಾನ ಅವ್ವ. ಹತ್ತಿರಹತ್ತಿರ ಮುನ್ನೂರು ಮಕ್ಕಳು!” ಹುಡುಗನ ತಂದೆ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟರು. ಹುಡುಗನ ತಾಯಿ ಮಾತ್ರ ಆಸೆಯಿಂದ, “ಎಷ್ಟ ದಿನದಾಗ ದೊಡ್ಡೂ ಆಗತಾವವಾ?” ಅಂದರು. “ಮೂರ ದಿನ ರೀ!” ಸಂಬಂಧ ಕೂಡಿಬರಲಿಲ್ಲ. ಅಕ್ಕನಿಗೆ ಬೇಸರವೂ ಆಗಲಿಲ್ಲ. ಆ ತಾಯಿಗೆ ವಿಷಯ ತಿಳಿಯಿತಲ್ಲ ಎಂದು ಎರಡು ದಿನ ಖುಷಿಯಾಗಿದ್ದಳು.

ನಾನು ಮೊದಲ ಸಲ ಅವಳ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದ ದಿನ ಇನ್ನೂ ನೆನಪಿದೆ. ಗಾಜಿನ ದಾರದಂಥ ಜೀವ, ಅಡ್ಡಡ್ಡ ಹೊರಳುತ್ತ ಹರಿಯುತ್ತಿತ್ತು. ಮೈ ಪೂರಾ ಪಾರದರ್ಶಕ. ಒಳಗೆ ಮೊಟ್ಟೆಗಳು ಸರದ ಮಣಿಯಂತೆ ಸಾಲಾಗಿ ಕೂತಿದ್ದವು. ತಲೆಯ ಹತ್ತಿರ ಏನೋ ಟಪಟಪ ಬಡಿಯುತ್ತಿತ್ತು.

“ಅಕ್ಕಾ, ಹೃದಯ ಬಡಿಯಾಕತ್ತೈತಿ!” ಎಂದು ಕೂಗಿದೆ.

“ಹೃದಯ ಇಲ್ಲಲೇ ಅದಕ್ಕ. ಅದು ಗಂಟಲು. ಉಣ್ಣಾಕತ್ತೈತಿ.”

“ಹೃದಯಾನ ಇಲ್ಲೇನು? ಬರೇ ಗಂಟಲಾ?”

“ಬರೇ ಗಂಟಲು.”

“ಹಂಗಾರ ನಮ್ಮ ಮನಿ ಮಾಲಕನ ಬಳಗ ಬಿಡು” ಅಂದೆ.

ಅಕ್ಕ ಅದರ ಲೆಕ್ಕಾಚಾರ ಒಪ್ಪಿಸಿದಳು. ಬೆಳೆದ ಹುಳದ ಮೈಯಲ್ಲಿ ಒಂಬೈನೂರ ಐವತ್ತೊಂಬತ್ತು ಜೀವಕೋಶ. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಅದರಲ್ಲಿ ನರಕೋಶ ಮುನ್ನೂರ ಎರಡು. ಪರದೇಶದಲ್ಲಿ ಯಾರೋ ವರ್ಷಗಟ್ಟಲೆ ಕೂತು, ಯಾವ ನರ ಯಾವುದಕ್ಕೆ ಕೂಡಿದೆ ಎಂದು ಪೂರ್ತಿ ನಕ್ಷೆ ಬರೆದಿದ್ದಾರಂತೆ.

“ಮುನ್ನೂರ ಎರಡು ಅಂದ್ರ ಕೊಲೆ ಕೇಸಿನ ಸೆಕ್ಷನ್ ಅಲ್ಲೇನು?” ಅಂದೆ. ಏಳನೆಯ ಕ್ಲಾಸಿನವನ ಜ್ಞಾನವೆಲ್ಲ ಸಿನಿಮಾದ್ದು. ಅಕ್ಕ ಬಿದ್ದುಬಿದ್ದು ನಕ್ಕಳು. ಆ ಸೆಕ್ಷನ್ ನೆನಪಿಟ್ಟುಕೊಂಡಿರಿ. ಮುಂದೆ ನನಗೇ ಬೇಕಾಗುತ್ತದೆ.

ಈ ಹುಳದಿಂದ ಏನು ಉಪಯೋಗ ಎಂದು ಕೇಳದವರಿಲ್ಲ. ಅಕ್ಕ ಬೇಸರಿಸದೆ ಹೇಳುತ್ತಿದ್ದಳು. ಹುಟ್ಟುವುದು, ಬೆಳೆಯುವುದು, ಮುದಿಯಾಗುವುದು, ಸಾಯುವುದು ಎಲ್ಲ ಎರಡು ಮೂರು ವಾರದಲ್ಲಿ, ಅದೂ ಗಾಜಿನ ಮೈಯೊಳಗೆ ನಮ್ಮ ಕಣ್ಣೆದುರಿಗೇ. ಮನುಷ್ಯನಲ್ಲಿ ನೋಡಲು ಒಂದು ಆಯುಸ್ಸು ಬೇಕಾದದ್ದನ್ನು ಇದರಲ್ಲಿ ಒಂದು ತಿಂಗಳಲ್ಲಿ ನೋಡಬಹುದು. ಹೊಲದ ಮಣ್ಣು ತೊಳೆದ ನೀರನ್ನು ಹುಳಕ್ಕೆ ಕೊಟ್ಟು ನೋಡುವುದೂ ಅವಳ ಕೆಲಸ. ಮೊಟ್ಟೆ ಸರಿಯಾಗಿ ಇಟ್ಟರೆ ಮಣ್ಣಿಗೆ ಆರೋಗ್ಯ, ಕಡಿಮೆಯಾದರೆ ಏನೋ ಬೇನೆ. ಸಾಕ್ಷಿ ಹೇಳುವ ಹುಳ, ಪ್ರಮಾಣ ಮಾಡಿಸುವ ಖರ್ಚೂ ಇಲ್ಲ!

ಇನ್ನೊಂದು ಗುಣ ಕೇಳಿ. ಊಟ ತೀರಿಹೋಗಿ ಜಾಗ ಇಕ್ಕಟ್ಟಾದರೆ ಇದರ ಮರಿ ಬಾಯಿ ಮುಚ್ಚಿಕೊಂಡುಬಿಡುತ್ತದೆ. ನಿಜವಾಗಿ, ಬಾಯಿಗೆ ಬೀಗ! ಗಟ್ಟಿ ಚರ್ಮ ಹೊದ್ದು ತಿಂಗಳುಗಟ್ಟಲೆ ಕಾಯುತ್ತದೆ. ಮತ್ತೆ ಊಟ ಬಂದಾಗ ಬಾಯಿ ತೆರೆದು, ನಿಂತಲ್ಲಿಂದ ಬದುಕು ಮುಂದುವರಿಸುತ್ತದೆ. ಕಾದ ದಿನಗಳು ವಯಸ್ಸಿಗೆ ಜಮಾ ಆಗುವುದೇ ಇಲ್ಲ. ಇದನ್ನು ಕೇಳಿ ನನ್ನ ಹೆಂಡತಿ, “ವದಿನಗಾರೂ, ಆ ವಿದ್ಯ ನಾಕು ಕೂಡಾ ನೇರ್ಪಂಡಿ”, ನನಗೂ ಕಲಿಸಿ, ಎಂದು ಕೈಜೋಡಿಸಿದಳು. ವಿಜಯವಾಡದ ಹುಡುಗಿ ಅವಳು, ಗಂಡನ ಅಕ್ಕನನ್ನು ವದಿನ ಎನ್ನುತ್ತಾಳೆ. ವಯಸ್ಸು ನಿಲ್ಲಿಸುವ ವಿದ್ಯೆ ಅವಳಿಗೆ ಬೇಕು. “ಅದಕ್ಕೆ ಮೊದಲು ಬಾಯಿ ಮುಚ್ಚಬೇಕಂತೆ” ಎಂದು ನಾನು ತೆಲುಗಿನಲ್ಲಿ ತಿಳಿಸಿದ ಮೇಲೆ ಆ ಪಾಠ ಅಲ್ಲಿಗೇ ನಿಂತಿತು.

ಅಕ್ಕ ಮಣ್ಣು ತರಲು ಭೀಮುನಿಪಟ್ಟಣಕ್ಕೂ ಹೋಗುತ್ತಿದ್ದಳು. ಒಮ್ಮೆ ಸಮುದ್ರದ ಪಕ್ಕದ ತೆಂಗಿನ ಬುಡದಲ್ಲಿ ಕೂತು ಚಮಚದಿಂದ ಕೆದರುತ್ತಿರುವಾಗ ಮೀನುಗಾರರ ಹೆಂಗಸರು ಬಂದರು. “ಏಮಿ ಪಡಿಪೋಯಿಂದಮ್ಮಾ?” ಏನು ಬಿದ್ದುಹೋಯಿತಮ್ಮಾ ಎಂದು ಕೇಳಿ, ಉತ್ತರಕ್ಕೂ ಕಾಯದೆ, ಮೂಗುಬೊಟ್ಟೇ ಇರಬೇಕೆಂದು ಎಲ್ಲರೂ ಕೂತು ಮಣ್ಣು ಜಾಲಾಡತೊಡಗಿದರು. ಅರ್ಧ ತಾಸು! ಅಕ್ಕ ಹುಡುಕುತ್ತಿದ್ದುದು ಪುರುಗು ಎಂದು ಗೊತ್ತಾದಾಗ ಹಿರಿಯಳೊಬ್ಬಳು ಸೊಂಟ ಹಿಡಿದುಕೊಂಡು ಎದ್ದು, “ಪುರುಗು ಬೇಕಾದರೆ ನಮ್ಮ ಮನೆಯ ಅಕ್ಕಿ ಡಬ್ಬಿಗೆ ಬಾ ತಾಯಿ, ಇಷ್ಟು ದೂರ ಯಾಕೆ ಬಂದೆ?” ಎಂದಳಂತೆ.

ಇಷ್ಟೆಲ್ಲ ನಗುವ ಅಕ್ಕ ಒಂದು ವಿಷಯದಲ್ಲಿ ಮಾತ್ರ ಕಠಿಣ. ಅವಳ ಹತ್ತಿರ ಕೆಂಪು ರಟ್ಟಿನ ರಿಜಿಸ್ಟರ್ ಒಂದಿತ್ತು. ಸಿಕ್ಕ ಪ್ರತಿ ಹುಳದ ತಳಿಗೂ ಒಂದು ಸಾಲು: ಸಿಕ್ಕ ಜಾಗ, ತಂದವರು, ಸ್ಥಿತಿ, ಅಳಿದರೆ ಕಾರಣ. ಒಂದು ದಿನ ಒಂದೇ ಹುಳದ ಮೊಟ್ಟೆಗಳನ್ನು ಎಣಿಸಿ ಇನ್ನೂರ ಎಂಬತ್ತೇಳು ಎಂದು ಬರೆಯುತ್ತಿದ್ದಳು. “ಮುನ್ನೂರು ಅಂತ ಬರಿಯಕ್ಕಾ, ಯಾರ ನೋಡತಾರ?” ಅಂದೆ. ಅವಳು ಪೆನ್ನು ನಿಲ್ಲಿಸದೆ, “ಹುಳಾ ನೋಡತೈತಿ” ಅಂದಳು.

ಮದುವೆಯಾದ ಮೇಲೆ ನಾನು ವಿಜಯವಾಡದ ಬಸ್ ಸ್ಟ್ಯಾಂಡಿನ ಹತ್ತಿರ ಹಣ್ಣಿನ ಜ್ಯೂಸಿನ ಅಂಗಡಿ ಇಟ್ಟೆ. ವಿಜಯವಾಡದ ಬೇಸಿಗೆ ಗೊತ್ತಲ್ಲ? ಮಧ್ಯಾಹ್ನ ಕಾಲುವೆಯ ಎಮ್ಮೆಗಳಿಗೂ ದಡಕ್ಕೆ ಬರಲು ಧೈರ್ಯವಿರುವುದಿಲ್ಲ. ಜ್ಯೂಸಿಗೆ ಬೇರೆ ಜಾಹೀರಾತು ಬೇಕೇ? ಆ ಊರಿನಲ್ಲಿ ನನಗೆ ಕನ್ನಡ ಮಾತಾಡಲು ಯಾರೂ ಇರಲಿಲ್ಲ. ನನ್ನ ಮಕ್ಕಳ ಪಾಲಿಗೆ ಕನ್ನಡ ಎಂದರೆ ಅತ್ತೆ ಬಂದಾಗ ಅಪ್ಪ ಆಡುವ ಗಲಾಟೆ. ವಾರಕ್ಕೊಂದು ಕಾರ್ಡು ಅಕ್ಕ ಬರೆಯುತ್ತಿದ್ದಳು, ಕನ್ನಡದಲ್ಲಿ, ಇರುವೆಯಂಥ ಅಕ್ಷರದಲ್ಲಿ. “ಲೇ, ಇಲ್ಲಿ ಹುಳಗಳೆಲ್ಲಾ ಕ್ಷೇಮ” ಎಂದು ಶುರುವಾಗುವ ಕಾರ್ಡುಗಳು. ಈಗ ನಾನು ನಾಲ್ಕು ಸಾಲು ಬರೆಯುತ್ತಿದ್ದರೆ ಅದು ಶಾಲೆಯ ಪ್ರಸಾದವಲ್ಲ, ಆ ಕಾರ್ಡುಗಳದ್ದು.

ಅಕ್ಕ ಮೊದಲ ಸಲ ಅಂಗಡಿಗೆ ಬಂದಾಗ ಒಳ್ಳೆಯ ಬಂಗಿನಪಲ್ಲಿ ಮಾವು ಕೊಯ್ದು ಮುಂದಿಟ್ಟೆ. ಅವಳು ಅದರ ಕಡೆ ನೋಡಲೂ ಇಲ್ಲ. ಮೂಗು ಅರಳಿಸಿ, “ಲೇ, ಎಲ್ಲೋ ಘಮ್ ಅಂತ ಕೊಳ್ಯಾಕತ್ತೈತಲ್ಲಾ, ಎಲ್ಲಿ?” ಎಂದು ಹಿತ್ತಲಿಗೆ ನಡೆದಳು. ಸಿಪ್ಪೆ, ಹಿಂಡಿದ ಚರಟ, ಒಡೆದ ಹಣ್ಣು ಎಲ್ಲ ಬೀಳುವ ತಿಪ್ಪೆ ಅಲ್ಲಿತ್ತು. ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಕಣ್ಣು ಮುಚ್ಚಿ ಉಸಿರೆಳೆದಳು. “ನಿನ್ನ ಅಂಗಡ್ಯಾಗ ಭಾರಿ ಮಾಲು ಅಂದ್ರ ಇದ!”

ತಮಾಷೆಯಲ್ಲ, ಮಾಲು ನಿಜಕ್ಕೂ ಅಲ್ಲೇ ಇತ್ತು. ಅಕ್ಕನ ಹುಳ ತಂಪಿನ ಜೀವ. ಇಪ್ಪತ್ತಾರು ಇಪ್ಪತ್ತೇಳು ಡಿಗ್ರಿ ದಾಟಿದರೆ ಅದಕ್ಕೆ ಸಂತಾನವಾಗುವುದಿಲ್ಲ. ಆದರೆ ನಾನು ಬಾಚಿ ಕೊಟ್ಟ ತಿಪ್ಪೆಯಲ್ಲಿ ಸಿಕ್ಕ ಒಂದು ಸಂಸಾರ ಮೂವತ್ತರಲ್ಲೂ ಮೊಟ್ಟೆಯಿಟ್ಟಿತು! ಅಕ್ಕ ಮೂರು ತಲೆಮಾರು ನೋಡಿದಳು, ಐದು ನೋಡಿದಳು, ನಂಬಲಿಲ್ಲ, ಹತ್ತು ನೋಡಿದಳು. ಸೆಕೆಯನ್ನು ಗೆದ್ದ ಹುಳ, ವಿಜಯವಾಡದ್ದಲ್ಲದೆ ಇನ್ನೆಲ್ಲಿಯದು! ಬೇಸಿಗೆ ಮುಗಿದ ಮೇಲೆ ದೂರದ ಊರಿನ ದೊಡ್ಡ ಪ್ರಯೋಗಾಲಯದವರು ಬಂದು ಅದನ್ನು ಒಯ್ಯುತ್ತೇವೆಂದು ಬರೆದರು. ಅಲ್ಲಿ ಕೊರೆಯುವ ಚಳಿಯಲ್ಲಿ ಹೆಪ್ಪುಗಟ್ಟಿಸಿ, ಒಂದು ನಂಬರ್ ಕೊಟ್ಟು, ಎಷ್ಟೋ ವರ್ಷ ಜೋಪಾನ ಮಾಡುತ್ತಾರೆ. ಬೇಕೆಂದಾಗ ಕರಗಿಸಿದರೆ ಮತ್ತೆ ಎದ್ದು ಹರಿದಾಡುತ್ತದೆ. ಅಕ್ಕನ ಇಷ್ಟು ವರ್ಷದ ಕೆಲಸಕ್ಕೆ ಜಗತ್ತಿನಲ್ಲಿ ಒಂದು ವಿಳಾಸ ಸಿಗುತ್ತಿತ್ತು.

ಆದರೆ ರಜೆಯಲ್ಲಿ ಕಾಲೇಜಿಗೆ ಬೀಗ, ಕರೆಂಟೂ ಬಂದ್, ಅಕ್ಕನ ಮನೆಯಲ್ಲಿ ಫ್ರಿಜ್ ಇಲ್ಲ. ಆ ತಳಿಯ ತಟ್ಟೆ ಇದ್ದದ್ದೇ ಹತ್ತು, ಹತ್ತನ್ನೂ ಅಕ್ಕ ನನ್ನ ಕೌಂಟರಿನ ಕೆಳಗಿನ ಸಣ್ಣ ಐಸ್ ಪೆಟ್ಟಿಗೆಯಲ್ಲಿಟ್ಟಳು. ಹಣ್ಣಿನ ಐಸಿನ ಪೆಟ್ಟಿಗೆ ಬೇರೆ, ದಯವಿಟ್ಟು ಗಮನಿಸಿ! ವಾರಕ್ಕೊಮ್ಮೆ ಬಂದು ಹೊಸ ಜೆಲ್ಲಿಗೆ ಹುಳಗಳನ್ನು ಬದಲಾಯಿಸುವಳು. ಒಂದಾದರೂ ತಟ್ಟೆಯನ್ನು ಬೇರೆ ಕಡೆ ಇಡಬೇಕಿತ್ತು. ವಿಜ್ಞಾನ ಓದಿದವಳಾಗಿ ಅವಳು ಮಾಡಿದ್ದು ತಪ್ಪೇ. ಆದರೆ ತಮ್ಮನ ಹತ್ತಿರ ಇಟ್ಟದ್ದು ಬೇರೆ ಕಡೆ ಇಟ್ಟಂತೆ ಎಂದು ಯಾವ ಅಕ್ಕ ತಿಳಿಯುತ್ತಾಳೆ?

ತಟ್ಟೆಗಳ ಮೇಲೆ ಅವಳು ಇಂಗ್ಲಿಷಿನಲ್ಲಿ ಚೀಟಿ ಅಂಟಿಸಿದ್ದಳು. ಗಿರಾಕಿಗಳು ಓದಿದರೆ ಗತಿಯೇನು ಎಂದು ನಾನೇ ಹಟ ಹಿಡಿದು ಕನ್ನಡದಲ್ಲಿ ‘ಹುಳ ೧’, ‘ಹುಳ ೨’ ಎಂದು ಬರೆ ಅಂದೆ. ತೆಲುಗಿನವರಿಗೆ ಕನ್ನಡ ಬಾರದು, ಅದಕ್ಕಿಂತ ಭದ್ರವಾದ ಬೀಗ ಯಾವುದು? ಎಂಥ ಬುದ್ಧಿವಂತಿಕೆ!

ಆ ವರ್ಷ ಊರಿನಲ್ಲಿ ಹೊಟ್ಟೆಯ ಕಾಯಿಲೆ ಜಾಸ್ತಿಯಿತ್ತು. ಆರೋಗ್ಯ ಇನ್‌ಸ್ಪೆಕ್ಟರು ಜ್ಯೂಸಿನ ಅಂಗಡಿಗಳ ಐಸು ನೋಡುತ್ತ ನನ್ನಲ್ಲಿಗೂ ಬಂದರು. ಒಳ್ಳೆಯ ಮನುಷ್ಯ, ತಮ್ಮ ಕೆಲಸ ತಾವು ಮಾಡುತ್ತಿದ್ದರು. ಕೌಂಟರಿನ ಕೆಳಗೆ ಕೈಹಾಕಿ ಒಂದು ತಟ್ಟೆ ಎತ್ತಿದರು. “ಇದೇಮಿಟಯ್ಯಾ, ಜೆಲ್ಲೀನಾ? ಚಾಲಾ ಬಾಗುಂದೇ!” ಚೆನ್ನಾಗಿದೆಯಂತೆ! ನಾನು ಹೌದೆಂದು ತಲೆಯಾಡಿಸುವಷ್ಟರಲ್ಲಿ ಅವರು ಚೀಟಿ ಓದತೊಡಗಿದರು. ಕನ್ನಡದ ಅಕ್ಷರಗಳೂ ತೆಲುಗಿನ ಅಕ್ಷರಗಳೂ ಒಡಹುಟ್ಟಿದವು ಎಂಬುದು ನನಗೆ ಆ ಕ್ಷಣ ಹೊಳೆಯಿತು.

“ಹು...ಳ. ಹುಳ ಒಕಟಿ. ಹುಳ ಅಂಟೇ ಏಮಿಟಿ?”

ಹುಳ ಎಂದರೇನು ಎಂದು ನನ್ನನ್ನೇ ಕೇಳಿದರು. ಅಕ್ಷರ ಗೊತ್ತು, ಅರ್ಥ ಗೊತ್ತಿಲ್ಲ. ನಾನಿನ್ನೂ ಬದುಕಬಹುದಿತ್ತು. ಆದರೆ ದಾಳಿಂಬೆ ಜ್ಯೂಸ್ ಕುಡಿಯುತ್ತಿದ್ದ ಬಳ್ಳಾರಿಯ ಲಾರಿ ಡ್ರೈವರ್ ಒಬ್ಬ, ಎರಡೂ ಭಾಷೆ ಬಲ್ಲ ಪರೋಪಕಾರಿ, ಗ್ಲಾಸು ಎತ್ತಿ ಕೂಗಿದ: “ಹುಳ ಅಂಟೇ ಪುರುಗು ಸಾರ್! ಪುರುಗು!” ಕೂಗಿದ ಮೇಲೆ ತನ್ನ ಗ್ಲಾಸಿನೊಳಗೆ ನೋಡಿಕೊಂಡ.

ಬೆಂಚಿನ ಮೇಲಿದ್ದ ಏಳೆಂಟು ಜನ ಒಟ್ಟಿಗೆ ಎದ್ದರು. “ಪುರುಗುಲಾ? ಜ್ಯೂಸುಲೋನಾ?” ಇನ್‌ಸ್ಪೆಕ್ಟರು ಶಾಂತವಾಗಿಯೇ ಕೇಳಿದರು, “ಎವರಿದಿ ಇದಿ?” ಯಾರದು ಇದು?

ಒಂದೇ ಮಾತು ಸಾಕಿತ್ತು. ಮಾ ಅಕ್ಕದಿ. ನಮ್ಮ ಅಕ್ಕನದು, ಕಾಲೇಜಿನ ಮೇಡಂ, ಈ ಹುಳ ಯಾರಿಗೂ ಏನೂ ಮಾಡುವುದಿಲ್ಲ. ಬಾಯಿ ತೆರೆದೆ. ಆಗ ರಸ್ತೆಯಂಚಿನಲ್ಲಿ, ಜನರ ಹಿಂದೆ, ಟಿಫಿನ್ ಕ್ಯಾರಿಯರ್ ಹಿಡಿದು ನಿಂತಿದ್ದ ಅಕ್ಕ ಕಾಣಿಸಿದಳು. ಅದು ಅವಳು ಬರುವ ದಿನ.

“ಎವರೋ ತೆಲಿಯದಂಡಿ” ಅಂದೆ. ಯಾರೋ ಗೊತ್ತಿಲ್ಲವಂಡಿ. “ಎವರೋ ಪ್ಯಾಸೆಂಜರು, ಒಬ್ಬ ಹೆಂಗಸು, ಇಟ್ಟುಹೋದಳು. ಆಕೆ ಯಾರೋ ನನಗೆ ಗೊತ್ತಿಲ್ಲವಂಡಿ.”

ಅವಳ ಕಣ್ಣು ನೋಡಿಕೊಂಡೇ ಹೇಳಿದೆ. ಹೃದಯವಿಲ್ಲ, ಬರೀ ಗಂಟಲು.

ತೆಗೆದುಬಿಡಯ್ಯಾ ಎಂದಷ್ಟೇ ಇನ್‌ಸ್ಪೆಕ್ಟರು ಹೇಳಿದ್ದು. ಬಿಸಿನೀರು ನನ್ನ ಸ್ವಂತ ಬುದ್ಧಿ. ಪಕ್ಕದ ಚಹಾ ಅಂಗಡಿಯಿಂದ ಕುದಿಯುವ ಕೆಟಲ್ ತಂದು, ಗಿರಾಕಿಗಳೆಲ್ಲ ನೋಡಲಿ ಎಂದು, ಹತ್ತೂ ತಟ್ಟೆಗಳಿಗೆ ಒಂದೊಂದಾಗಿ ಸುರಿದೆ. ಹಿತ್ತಲ ತಿಪ್ಪೆಯನ್ನೂ ಆ ದಿನವೇ ಬಾಚಿ ತೆಗೆಸಿ ಬ್ಲೀಚಿಂಗ್ ಪೌಡರ್ ಹಾಕಿಸಿದೆ. ಸೆಕ್ಷನ್ ಮುನ್ನೂರ ಎರಡು.

ಜನ ಶಾಂತರಾದರು. ಇನ್‌ಸ್ಪೆಕ್ಟರು ಪುಸ್ತಕದಲ್ಲಿ ಏನೋ ಗೀಚುತ್ತಿದ್ದರು. ಆಗ ಅಕ್ಕ ಮುಂದೆ ಬಂದು, ಕೌಂಟರಿನ ಮೇಲೆ ಕ್ಯಾರಿಯರ್ ಇಟ್ಟು, ಸ್ಪಷ್ಟವಾದ ತೆಲುಗಿನಲ್ಲಿ ಹೇಳಿದಳು:

“ಒಕ ಬತ್ತಾಯಿ ಜ್ಯೂಸ್ ಇವ್ವಂಡಿ.”

ಒಂದು ಮೋಸಂಬಿ ಜ್ಯೂಸ್ ಕೊಡಿ. ಕೊಡಿ! ಹುಟ್ಟಿದಾಗಿನಿಂದ ‘ಲೇ’ ಎಂದವಳು ನನಗೆ ಅಂಡಿ ಅಂದಳು. ಅಂಗಡಿಯ ಮೇಲಿನ ಸಂಶಯ ಪೂರ್ತಿ ಹೋಗಲಿ ಎಂದು, ಗೊತ್ತಿಲ್ಲದವಳ ಹಾಗೆ ನಿಂತು, ಎಲ್ಲರೆದುರು ಆ ಜ್ಯೂಸ್ ಕೊನೆಯ ಹನಿಯವರೆಗೂ ಕುಡಿದಳು. ಅವಳು ಕುಡಿದದ್ದು ನೋಡಿ ಇನ್ನಿಬ್ಬರು ಬೆಂಚಿಗೆ ವಾಪಸು ಬಂದರು. “ಬಾಗುಂದಂಡಿ” ಎಂದು ಗ್ಲಾಸು ಇಟ್ಟು, ಕ್ಯಾರಿಯರ್ ಎತ್ತಿಕೊಂಡು ಸ್ಟೇಷನ್ನಿನ ಕಡೆ ನಡೆದುಹೋದಳು. ನಾನು ಹಿಂದೆ ಓಡಲಿಲ್ಲ. ಗಿರಾಕಿಗಳಿದ್ದರು.

ಅಂದಿನಿಂದ ಕಾರ್ಡು ನಿಂತುಹೋಯಿತು. ನಾನೂ ಬರೆಯಲಿಲ್ಲ. ನಾಲ್ಕು ತಿಂಗಳು ಇಬ್ಬರೂ ಆ ಮರಿಹುಳದ ಹಾಗೆ ಬಾಯಿ ಮುಚ್ಚಿಕೊಂಡು ಕೂತೆವು. ನನ್ನ ಹೆಂಡತಿಗೆ ಸಾಕಾಯಿತು. “ನಾಲ್ಕು ತಿಂಗಳಿಂದ ಮನೆಯಲ್ಲಿ ಕನ್ನಡವೇ ಇಲ್ಲ, ಯಾರೋ ಸತ್ತ ಮನೆಯಂತಿದೆ. ಹೋಗಿ ಬನ್ನಿ” ಎಂದು ತೆಲುಗಿನಲ್ಲಿ ಬೈದಳು.

ಬರಿಗೈಯಲ್ಲಿ ಹೋಗುವುದು ಹೇಗೆ? ಸೀರೆಯೇ, ಸಿಹಿಯೇ? ಯೋಚಿಸಿ ಯೋಚಿಸಿ, ಹಿತ್ತಲಿನ ಅದೇ ಜಾಗದಲ್ಲಿ ಹತ್ತು ದಿನ ಹಣ್ಣು ಸುರಿದು ಮನಸಾರೆ ಕೊಳೆಸಿದೆ. ಕೆಳಗಿನ ಮಣ್ಣನ್ನೂ ಕೆರೆದು ಸೇರಿಸಿ, ಒಂದು ಬುಟ್ಟಿ ತುಂಬಿ, ರೈಲು ಹತ್ತಿದೆ. ಬೋಗಿಯಲ್ಲಿ ನಾನೊಬ್ಬನೇ ಕಾಲು ಚಾಚಿಕೊಂಡು ಬಂದೆನೆಂದು ಬೇರೆ ಹೇಳಬೇಕೇ?

ದಾರಿಯುದ್ದಕ್ಕೂ ಮಾತು ಜೋಡಿಸಿದೆ. ಕಷ್ಟ ಏನೆಂದರೆ ನಮ್ಮ ಮನೆಯ ಕನ್ನಡದಲ್ಲಿ ತಪ್ಪೊಪ್ಪಿಕೊಳ್ಳುವ ಶಬ್ದವೇ ಇಲ್ಲ! ‘ಕ್ಷಮಿಸು’ ಎಂದರೆ ನಾಟಕದ ರಾಜನ ಮಾತು. ‘ತಪ್ಪಾತು’ ಎಂದು ನಮ್ಮಪ್ಪ ಒಮ್ಮೆಯೂ ಅಂದದ್ದು ಕೇಳಿಲ್ಲ. ಹೊಡೆದಾಡಿದ ಮೇಲೆ ಒಂದೇ ತಟ್ಟೆಯಲ್ಲಿ ಉಂಡರೆ ಮುಗಿಯಿತು, ಅದೇ ನಮ್ಮ ವ್ಯಾಕರಣ. ಅಕ್ಕನ ಪ್ರಯೋಗಾಲಯದ ಬಾಗಿಲಲ್ಲಿ ನಿಂತಾಗ ಅವಳು ಸೂಕ್ಷ್ಮದರ್ಶಕದಿಂದ ತಲೆಯೆತ್ತಲಿಲ್ಲ. ಜೋಡಿಸಿದ ಕನ್ನಡವೆಲ್ಲ ರೈಲಿನಲ್ಲೇ ಉಳಿದು, ಹತ್ತು ವರ್ಷದ ಅಂಗಡಿಯ ಬಾಯಿ ತಾನಾಗಿ ತೆರೆದುಕೊಂಡಿತು.

“ಸಾರೀ ಅಂಡಿ” ಅಂದೆ.

ಅಕ್ಕ ಮೆಲ್ಲಗೆ ತಲೆಯೆತ್ತಿದಳು. ನನ್ನನ್ನು ನೋಡಿದಳು, ಬುಟ್ಟಿ ನೋಡಿದಳು, ಮೂಗು ಅರಳಿತು.

“ಯಾರಿಗೆ ಅಂಡಿ ಅಂತೀಲೇ?”

ಅಷ್ಟೇ. ಆಮೇಲೆ ಇಬ್ಬರೂ ಅತ್ತೆವೋ ನಕ್ಕೆವೋ, ಆ ವಾಸನೆಯಲ್ಲಿ ಕಣ್ಣೀರಿಗೆ ಕಾರಣ ಹೇಳುವುದು ಕಷ್ಟ.

ಅವಳು ಆಗಲೇ ಬುಟ್ಟಿಗೆ ಕೈಹಾಕಿದ್ದಳು. ಬ್ಲೀಚಿಂಗ್ ಪೌಡರ್ ಹಾಕಿದ್ದನ್ನು ತಲೆತಗ್ಗಿಸಿ ಹೇಳಿದೆ. “ಅದರಿಂದ ಹುಳಾ ಸಾಯತಾವ, ಒಳಗಿನ ಮೊಟ್ಟಿ ಒಮ್ಮೊಮ್ಮೆ ಉಳಿತಾವ. ನಾವೂ ಮೊಟ್ಟಿ ಬೇಕಂದ್ರ ಅದರಾಗ ತೊಳಿತೀವಿ. ನೋಡೂಣು” ಅಂದಳು. ಮೂರು ದಿನ ಅಲ್ಲೇ ಉಳಿದೆ. ಹುಳಗಳು ಬಂದವು, ಬೇಕಾದಷ್ಟು. ಮೂವತ್ತು ಡಿಗ್ರಿಯಲ್ಲಿಟ್ಟಾಗ ಒಂದೂ ಸಂತಾನ ಕಾಣಲಿಲ್ಲ. ಎಲ್ಲ ಸಾಧಾರಣ ಹುಳಗಳು, ನನ್ನಂಥವು.

ಅಕ್ಕ ಕೈತೊಳೆಯಲು ಹೋದಾಗ ಕೆಂಪು ರಿಜಿಸ್ಟರ್ ತೆರೆದು ನೋಡಿದೆ. ಆ ಸಾಲು ಅಲ್ಲಿತ್ತು.

ಸಿಕ್ಕ ಜಾಗ: ವಿಜಯವಾಡ, ಜ್ಯೂಸಿನ ಅಂಗಡಿಯ ಹಿತ್ತಲು. ತಂದವರು: ನನ್ನ ತಮ್ಮ. ಸ್ಥಿತಿ: ಉಳಿದಿಲ್ಲ. ಕಾರಣ: ಸೆಕೆ.

ಕೆಳಗಿನ ತಾರೀಖು ಅವಳು ಮೋಸಂಬಿ ಜ್ಯೂಸ್ ಕುಡಿದುಹೋದ ಮರುದಿನದ್ದು. ಆಕೆ ಯಾರೋ ಗೊತ್ತಿಲ್ಲ ಎಂದು ನಾನು ಅಂದ ಮರುದಿನ ಅವಳು ‘ನನ್ನ ತಮ್ಮ’ ಎಂದು ಬರೆದಿದ್ದಳು. ಮತ್ತೆ ಆ ಕಾರಣ! ಸೆಕೆಯನ್ನು ಗೆದ್ದದ್ದಕ್ಕೇ ಹೆಸರಾಗಬೇಕಿದ್ದ ಹುಳ ಸೆಕೆಗೆ ಸತ್ತಿತಂತೆ! ಓದಿದವರು ನಗುವುದಿಲ್ಲವೇ? ದೊಡ್ಡ ಪ್ರಯೋಗಾಲಯದವರಿಗೂ ಅವಳು ಹಾಗೇ ಬರೆದು, ಅವರು ಇವಳ ಲೆಕ್ಕವನ್ನೇ ಅನುಮಾನಿಸಿ ಸುಮ್ಮನಾಗಿದ್ದರು ಎಂದು ಆಮೇಲೆ ತಿಳಿಯಿತು. ಇನ್ನೂರ ಎಂಬತ್ತೇಳನ್ನು ಮುನ್ನೂರು ಮಾಡದವಳು!

“ಅಕ್ಕಾ, ಇದು ಸುಳ್ಳಲ್ಲೇನು?” ಅಂದೆ.

ಅವಳು ಕೈ ಒರೆಸಿಕೊಳ್ಳುತ್ತ ಬಂದು ನೋಡಿದಳು. “ಎಲ್ಲಿ ಸುಳ್ಳಲೇ? ಕುದಿಯೂ ನೀರಿನ ಸೆಕಿ ಸೆಕಿ ಅಲ್ಲೇನು?”

ಪೆನ್ನು ಎತ್ತಿಕೊಂಡೆ, ತಿದ್ದುತ್ತೇನೆ ಎಂದು. “ಏಳನೇ ಕ್ಲಾಸ್ ದಾಟದಾಂವ ನನ್ನ ರಿಜಿಸ್ಟರ್ ತಿದ್ದತೀ?” ಎಂದು ಕಸಿದುಕೊಂಡು, ಮುಚ್ಚಿ, ಕಪಾಟಿನಲ್ಲಿಟ್ಟು ಬೀಗ ಹಾಕಿದಳು.

ಆಮೇಲಿನ ಪ್ರತಿ ಬೇಸಿಗೆಯೂ ನಾನು ಒಂದು ಬುಟ್ಟಿ ಕೊಳೆತ ಹಣ್ಣು ಹೊತ್ತು ವಿಶಾಖಪಟ್ಟಣಕ್ಕೆ ಹೋಗುತ್ತೇನೆ. ಅಕ್ಕ ಪ್ರತಿ ಸಲವೂ ಮೊದಲ ಸಲದಷ್ಟೇ ಆಸೆಯಿಂದ ಮೂಗು ಅರಳಿಸುತ್ತಾಳೆ. ಆ ಹುಳ ಇನ್ನೂ ಸಿಕ್ಕಿಲ್ಲ. ಕಪಾಟಿನ ಬೀಗದ ಕೈ ಅವಳ ಸೊಂಟದಲ್ಲಿದೆ, ಅದೂ ಸಿಕ್ಕಿಲ್ಲ. ಅವಳು ಕಲಿಸಿದ ಅಕ್ಷರದಲ್ಲಿ, ಅವಳ ಬೀಗ ತಾಗದ ಈ ಹಾಳೆಯ ಮೇಲೆ, ಆ ಸಾಲನ್ನು ನಾನೇ ತಿದ್ದಿ ಬರೆಯುತ್ತಿದ್ದೇನೆ.

ತಂದವರು: ತಮ್ಮ. ಕಾರಣ: ತಮ್ಮ.